‘ಹೈಸ್ಕೂಲ್ ಕೋಡ್’ ಅಂದರೆ ಯಾವ ನಂಬರು?

ಅಮೆರಿಕದ ಕಾಲೇಜಿಗೆ ಅರ್ಜಿ ತುಂಬಲು ಕೂತ ಅಕ್ಕನ ಮಗ ಶುರುವಿನಲ್ಲೇ ಸಿಕ್ಕಿಹಾಕಿಕೊಂಡ. ಸ್ಕೂಲ್ ಕೋಡ್ ಕೇಳಿದ ಕಡೆ ನಮ್ಮ ಸರ್ಕಾರ ಶಾಲೆಗಳಿಗೆ ಕೊಡುವ 11 ಅಂಕಿಯ ಯುಡೈಸ್ ಸಂಖ್ಯೆ ಹೊಡೆದ. ಬೇಕಿದ್ದದ್ದು 6 ಅಂಕಿ. ‘ಮೊದಲ ಆರು ಸಾಕು ಬಿಡಿ ಮಾಮ’ ಅಂದ. ಯುಡೈಸ್‌ನ ಮೊದಲ ಆರು ಅಂಕಿಯಲ್ಲಿ ಇರುವುದು ರಾಜ್ಯ, ಜಿಲ್ಲೆ, ಬ್ಲಾಕ್ ಮಾತ್ರ. ಶಾಲೆ ಬರುವುದು ಕೊನೆಗೆ!

1. ಅಲ್ಲಿ ಕೇಳುವುದು ಸೀಬ್ ಕೋಡ್. ಅಮೆರಿಕದ ಕಾಲೇಜು ಪ್ರವೇಶಕ್ಕಿರುವ ಸ್ಯಾಟ್ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಕೊಟ್ಟಿದ್ದು. ಸಿಬಿಎಸ್‌ಇ ನಂಬರಾಗಲಿ ಪಿಯು ಕಾಲೇಜಿನ ಕೋಡ್ ಆಗಲಿ ಇಲ್ಲಿ ನಡೆಯುವುದಿಲ್ಲ.

2. ಯಾವ ಶಾಲೆ? ಎಲ್ಲರೂ ಎಡವುವುದು ಇಲ್ಲೇ. ನಮಗೆ ಹೈಸ್ಕೂಲ್ ಎಂದರೆ ಎಸ್‌ಎಸ್‌ಎಲ್‌ಸಿಗೆ ಮುಗಿಯಿತು. ಅಮೆರಿಕದವರಿಗೆ ಅದು 12ನೇ ತರಗತಿವರೆಗೂ ಇದೆ. ಹಾಗಾಗಿ ನೀವು ಪಿಯುಸಿ ಓದುತ್ತಿರುವ ಕಾಲೇಜೇ ಅವರ ಲೆಕ್ಕದಲ್ಲಿ ನಿಮ್ಮ ಈಗಿನ ‘ಹೈಸ್ಕೂಲ್’. ಹೆಸರಿನಲ್ಲಿ ‘ಕಾಲೇಜು’ ಇದೆಯೆಂದು ಅದನ್ನು ಪದವಿ ಕಾಲೇಜಿನ ವಿಭಾಗಕ್ಕೆ ತುಂಬಬೇಡಿ. ಹತ್ತನೇ ತರಗತಿ ಓದಿದ ಶಾಲೆಯನ್ನು ‘ಹಿಂದೆ ಓದಿದ ಶಾಲೆಗಳು’ ಎಂಬಲ್ಲಿ ಸೇರಿಸಿ.

3. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಜಾಲತಾಣ ಕಾಮನ್ ಆ್ಯಪ್‌ನಲ್ಲಿ ಶಾಲೆಯ ಹೆಸರು ಹುಡುಕಿ ಆರಿಸಿದರೆ ಕೋಡ್ ತಾನೇ ಬರುತ್ತದೆ. ಹೆಸರೊಂದನ್ನೇ ನೋಡಿ ಒತ್ತಬೇಡಿ, ಊರು ಮತ್ತು ವಿಳಾಸ ಓದಿ. ಒಂದೇ ಸಂತರ ಹೆಸರಿನ ಶಾಲೆಗಳು ಊರಿಗೊಂದಿವೆ. ಪಟ್ಟಿಯಲ್ಲಿ ಇಲ್ಲವೇ? ‘ನನ್ನ ಶಾಲೆ ಇಲ್ಲಿಲ್ಲ’ ಎಂಬುದನ್ನು ಆರಿಸಿ, ಹೆಸರು-ವಿಳಾಸ ಕೈಯಾರೆ ಬರೆಯಿರಿ. ಕೋಡ್ ಇಲ್ಲವೆಂದು ಯಾರೂ ಅರ್ಜಿ ತಳ್ಳಿಹಾಕುವುದಿಲ್ಲ. ಪಕ್ಕದ ಶಾಲೆಯ ಕೋಡ್ ಹಾಕಿ ‘ಅಡ್ಜಸ್ಟ್’ ಮಾಡುವುದಕ್ಕಿಂತ ಖಾಲಿ ಬಿಡುವುದೇ ವಾಸಿ. ಸ್ಯಾಟ್ ನೋಂದಣಿಯಲ್ಲಿ ಹಾಗೆ ಮಾಡಿದರೆ ನಿಮ್ಮ ಅಂಕ ಹೋಗಿ ಆ ಶಾಲೆಯವರ ಕಣ್ಣಿಗೆ ಬೀಳುತ್ತದೆ.

ಕೋಡ್ ಹುಡುಕಿಕೊಡಲು ದುಡ್ಡು ಕೇಳುವ ಏಜೆಂಟರಿದ್ದಾರೆ. ಕಾಲೇಜ್ ಬೋರ್ಡ್‌ ಜಾಲತಾಣದಲ್ಲಿ ಅದು ಪುಕ್ಕಟೆ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಹಳೇ ಪಿಡಿಎಫ್ ಪಟ್ಟಿಗಳನ್ನಂತೂ ಮುಟ್ಟಲೇಬೇಡಿ.

4. ಸ್ಯಾಟ್ ಅಥವಾ ಅಂಥದ್ದೇ ಇನ್ನೊಂದು ಪರೀಕ್ಷೆ ಎಸಿಟಿಯ ಅಂಕ ಕಳಿಸುವಾಗ ಬೇಕಾಗುವುದು ಸೇರಬೇಕಾದ ಕಾಲೇಜಿನ ಕೋಡ್. ಇದು 4 ಅಂಕಿಯದು, ಪರೀಕ್ಷೆಗೊಂದು ಬೇರೆ. ಹಾರ್ವರ್ಡ್‌ಗೆ ಸ್ಯಾಟ್‌ನಲ್ಲಿ 3434, ಎಸಿಟಿಯಲ್ಲಿ 1840.

5. ಅಮೆರಿಕದ ಪೌರತ್ವ ಇರುವ ಮಕ್ಕಳು ಅಲ್ಲಿನ ಸರ್ಕಾರದ ನೆರವಿಗೆ ಫಾಫ್ಸಾ ಅರ್ಜಿ ಹಾಕುವುದಿದ್ದರೆ ಅದಕ್ಕೆ ಮತ್ತೊಂದು ಕೋಡ್, ಹಾರ್ವರ್ಡ್‌ನದು 002155. ಇವನ್ನೆಲ್ಲ ಎಕ್ಸೆಲ್‌ನಲ್ಲಿ ಬರೆದಿಟ್ಟುಕೊಳ್ಳುವವರು ಆ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೊಳ್ಳಿ. ಇಲ್ಲದಿದ್ದರೆ ಶುರುವಿನ ಎರಡು ಸೊನ್ನೆ ನುಂಗಿ 2155 ತೋರಿಸುತ್ತದೆ.