ಬಗಾಪ್ಶ್ ಬಗ್ಗೆ ಬರೆಯಲು ಕೂತಾಗ ಪಹಣಿ ನೆನಪಾಯಿತು

ನಾನು ಹಗಲು ಹೊತ್ತು ಪತ್ರ ಬರಹಗಾರ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಇವೇ ನನ್ನ ಹೊಟ್ಟೆಪಾಡು. ರಾತ್ರಿ ಒಂದು ಸಣ್ಣ ಮಾಸಪತ್ರಿಕೆಗೆ ಹೊರದೇಶದ ರಾಜಕಾರಣಿಗಳ ಪರಿಚಯ ಬರೆಯುತ್ತೇನೆ. ಎಷ್ಟೋ ಜನರ ಬಗ್ಗೆ ಬರೆದಿದ್ದೇನೆ. ಆದರೆ ನನ್ನ ಬೆವರಿಳಿಸಿದ್ದು ಅಬ್ಖಾಜಿಯಾದ ಸೆರ್ಗೆಯ್ ಬಗಾಪ್ಶ್.

ಮೊದಲ ಸಾಲಿಗೇ ಸಿಕ್ಕಿಬಿದ್ದೆ. 'ಅಬ್ಖಾಜಿಯಾ ದೇಶದ ಅಧ್ಯಕ್ಷ' ಅಂತ ಬರೆದೆ. ದೇಶ ಅಂದವರು ಯಾರು? ಭಾರತವಂತೂ ಅಂದಿಲ್ಲ. ಜಗತ್ತಿನ ಬಹುಪಾಲು ದೇಶಗಳ ಲೆಕ್ಕದಲ್ಲಿ ಅದು ಜಾರ್ಜಿಯಾದ ಭಾಗ. ಸರಿ, 'ಜಾರ್ಜಿಯಾದ ಒಂದು ಪ್ರಾಂತ್ಯ' ಅಂತ ತಿದ್ದಿದೆ. ಅದೂ ಕೂರಲಿಲ್ಲ. 1993ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ-ಅಬ್ಖಾಜಿಯಾ ಯುದ್ಧ ಮುಗಿದಾಗಿನಿಂದ ಅಲ್ಲಿ ಬಹುಪಾಲು ಕಡೆ ಜಾರ್ಜಿಯಾದ ಆಡಳಿತವೇ ನಡೆದಿಲ್ಲ. ಸೋತ ಕಡೆಯ ಲಕ್ಷಾಂತರ ಜಾರ್ಜಿಯನ್ನರು ಮನೆ ಬಿಟ್ಟು ಓಡಿದ್ದರು.

ಮೇಜಿನ ಮೇಲೆ ಯಾರದೋ ಪಹಣಿ ಬಿದ್ದಿತ್ತು. 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ರಲ್ಲಿ ಉಳುಮೆ ಮಾಡುವವನ ಹೆಸರು. ಅಯ್ಯೋ, ಇದೇ ಅಲ್ವಾ! 9ರಲ್ಲಿ ಜಾರ್ಜಿಯಾ, 12ರಲ್ಲಿ ಅಬ್ಖಾಜಿಯಾ. ನನ್ನ ಕೆಲಸ ತೀರ್ಪು ಕೊಡುವುದಲ್ಲ, ಎರಡು ಕಾಲಂಗಳನ್ನೂ ತುಂಬುವುದು. 'ಜಾರ್ಜಿಯಾ ತನ್ನದೆನ್ನುವ, ಆದರೆ ಬೇರೆಯಾಗಿ ಆಡಳಿತ ನಡೆಸುತ್ತಿರುವ ಅಬ್ಖಾಜಿಯಾ' ಅಂತ ಬರೆದೆ. ಉದ್ದವಾಯಿತು, ಆದರೆ ಸುಳ್ಳಿರಲಿಲ್ಲ.

'ಅಧ್ಯಕ್ಷ' ಪದಕ್ಕೆ ಮಾತ್ರ ತೊಂದರೆಯೇ ಆಗಲಿಲ್ಲ. ಕನ್ನಡದಲ್ಲಿ ಅಮೆರಿಕದವನೂ ಅಧ್ಯಕ್ಷ, ನಮ್ಮೂರಿನ ಹಾಲಿನ ಸೊಸೈಟಿಯವನೂ ಅಧ್ಯಕ್ಷ. ಹಾಗಾಗಿ ಯಾರೂ ತಕರಾರು ತೆಗೆಯಲ್ಲ.

ಊರಿನ ಹೆಸರಿನಲ್ಲಿ ಇನ್ನೊಂದು ಫಜೀತಿ. ಬಗಾಪ್ಶ್ ಹುಟ್ಟಿದ್ದು 1949ರಲ್ಲಿ, ಕಪ್ಪು ಸಮುದ್ರದ ದಂಡೆಯ ಸುಖುಮಿಯಲ್ಲಿ. ಕೊನೆಯ ಆ 'ಇ' ಜಾರ್ಜಿಯನ್ ಭಾಷೆಯದು. ಅಬ್ಖಾಜಿಯಾದ ಆಡಳಿತ ಅದನ್ನು ಕಿತ್ತು ಸುಖುಮ್ ಅನ್ನುತ್ತದೆ. ಅಬ್ಖಾಜ್ ಭಾಷೆಯಲ್ಲಿ ಹೆಸರೇ ಬೇರೆ, ಆಕ್ವಾ. ಒಂದು ಗುಡಿಸಿಗೆ ಇಷ್ಟು ರಾಜಕೀಯ! ಅಲ್ಲಿನ ಇನ್ನೊಂದು ಜಿಲ್ಲೆಯೂ ಅಷ್ಟೇ, ಜಾರ್ಜಿಯನ್ನರಿಗೆ ಗಾಲಿ, ಅಬ್ಖಾಜರಿಗೆ ಗಾಲ್. ನಮ್ಮ ಓದುಗರಿಗೆ ಗಾಡಿಯ ಚಕ್ರ ನೆನಪಾದರೆ ನಾನೇನು ಮಾಡಲಿ.

ಆಮೇಲೆ ಬಂತು ನನ್ನ ದೊಡ್ಡ ತಪ್ಪು. 'ರಷ್ಯಾದ ಕೈಗೊಂಬೆ' ಅಂತ ಶೀರ್ಷಿಕೆ ಕೊಟ್ಟೇಬಿಟ್ಟಿದ್ದೆ. 2008ರ ಆಗಸ್ಟ್‌ನ ರಷ್ಯಾ-ಜಾರ್ಜಿಯಾ ಯುದ್ಧದ ನಂತರ ರಷ್ಯಾ ಅಬ್ಖಾಜಿಯಾಕ್ಕೆ ದೇಶ ಅಂತ ಮಾನ್ಯತೆ ಕೊಟ್ಟಿದ್ದು ಈತನ ಕಾಲದಲ್ಲೇ. ಇನ್ನೇನು ಬೇಕು ಅಂದುಕೊಂಡೆ. ವಿಭಾಗಪತ್ರ ಬರೆಯುವ ಮುಂಚೆ ನಾನು ಯಾವಾಗಲೂ ಒಂದು ಹಾಳೆಯಲ್ಲಿ ತಾರೀಕುಗಳನ್ನು ಸಾಲಾಗಿ ಬರೆದುಕೊಳ್ಳುತ್ತೇನೆ. ಇಲ್ಲಿ ಅದನ್ನು ಕೊನೆಗೆ ಮಾಡಿದೆ. 2004ಕ್ಕೆ ಬಂದಾಗ ಶೀರ್ಷಿಕೆ ಬಿದ್ದುಹೋಯಿತು.

ಆ ಅಕ್ಟೋಬರ್ 3ರಂದು ಅಧ್ಯಕ್ಷ ಚುನಾವಣೆ. ಮೊದಲ ಅಧ್ಯಕ್ಷ ಅರ್ಜಿನ್ಬಾ ಮತ್ತು ಮಾಸ್ಕೋ ಇಬ್ಬರೂ ನಿಂತಿದ್ದು ರಾವುಲ್ ಖಾಜಿಂಬಾ ಬೆನ್ನಿಗೆ. ಗೆದ್ದಿದ್ದು ಬಗಾಪ್ಶ್, 50.08 ಶೇಕಡಾ ಮತಗಳಿಂದ. ಕೂದಲೆಳೆ ಅಂತರ. ಹೆಂಡತಿ ಜಾರ್ಜಿಯನ್ ಮೂಲದವರು ಅನ್ನುವುದನ್ನೂ ಎದುರಾಳಿಗಳು ಎತ್ತಿ ಆಡಿದ್ದರು. ಫಲಿತಾಂಶ ಕೋರ್ಟಿಗೆ ಹೋಯಿತು, ಬೀದಿಗೆ ಬಂತು, ನವೆಂಬರ್‌ನಲ್ಲಿ ಬಗಾಪ್ಶ್ ಬೆಂಬಲಿಗರು ಸರ್ಕಾರಿ ಕಟ್ಟಡಕ್ಕೇ ನುಗ್ಗಿದರು.

ಆಗ ರಷ್ಯಾ ಏನು ಮಾಡಿತು ಗೊತ್ತಾ? ಕಿತ್ತಳೆ ನಿಲ್ಲಿಸಿತು. ಅಬ್ಖಾಜಿಯಾದ ಮ್ಯಾಂಡರಿನ್ ಕಿತ್ತಳೆ, ನಮ್ಮ ಕೊಡಗಿನ ಕಿತ್ತಳೆಯ ಜಾತಿಯದೇ, ಚಳಿಗಾಲದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಕೊಳ್ಳುವವರು ಗಡಿಯಾಚೆಯ ರಷ್ಯನ್ನರು. ಆ ಗಡಿಯನ್ನೇ ಮುಚ್ಚಿದರೆ ಹಣ್ಣು ಮರದಲ್ಲೇ ಕೊಳೆಯಬೇಕು. ಡಿಸೆಂಬರ್‌ನಲ್ಲಿ ರಾಜಿಯಾಯಿತು. ಬಗಾಪ್ಶ್ ಅಧ್ಯಕ್ಷ, ಖಾಜಿಂಬಾ ಉಪಾಧ್ಯಕ್ಷ, ಇಬ್ಬರೂ ಜೊತೆಯಾಗಿ ಮತ್ತೆ ಚುನಾವಣೆಗೆ. 2005ರ ಜನವರಿ 12ರಂದು ಶೇಕಡಾ 90ಕ್ಕೂ ಜಾಸ್ತಿ ಮತ ಬಂತು. ಇವನನ್ನು ಕೈಗೊಂಬೆ ಅಂತ ಹೇಗೆ ಬರೆಯಲಿ? ಆಮೇಲಿನ ವರ್ಷಗಳಲ್ಲಿ ರಷ್ಯಾದ ಸೈನ್ಯಕ್ಕೆ, ಗಡಿ ಕಾವಲಿಗೆ ಸಹಿ ಹಾಕಿದ್ದೂ ಇವನೇ, ಅದೂ ನಿಜ. ಎರಡನ್ನೂ ಇಟ್ಟೆ. ಶೀರ್ಷಿಕೆಗೆ ಬರೀ ಹೆಸರು ಉಳಿಸಿದೆ.

ಸೋವಿಯತ್ ಕಾಲದ ಕತೆಯನ್ನು ಬೇಗ ಮುಗಿಸಿದೆ. ಹುಡುಗನಾಗಿದ್ದಾಗ ಬಾಸ್ಕೆಟ್‌ಬಾಲ್, ಆಮೇಲೆ ಪಕ್ಷದ ಯುವಸಂಘಟನೆ ಕೊಮ್ಸೊಮೊಲ್, ಒಚಮ್ಚಿರಾ ಜಿಲ್ಲೆಯಲ್ಲಿ ಪಕ್ಷದ ಮುಖ್ಯಸ್ಥ. ಸೋವಿಯತ್ ಮುಗಿದ ಮೇಲೆ, 1997ರಿಂದ 1999ರವರೆಗೆ ಅಬ್ಖಾಜಿಯಾದ ಪ್ರಧಾನಿ.

ನನಗೆ ಇಷ್ಟವಾದ ಭಾಗ ಆಮೇಲಿನದು. ಪ್ರಧಾನಿ ಸ್ಥಾನ ಬಿಟ್ಟ ಮೇಲೆ ಚೆರ್ನೊಮೊರ್‌ಎನೆರ್ಗೊ ಅನ್ನುವ ವಿದ್ಯುತ್ ಕಂಪನಿಯ ಮುಖ್ಯಸ್ಥನಾದ. ಅಲ್ಲಿನ ಕರೆಂಟ್ ಬಹುಪಾಲು ಬರುವುದು ಎಂಗುರಿ ನದಿಯಿಂದ. 271 ಮೀಟರ್ ಎತ್ತರದ ಅಣೆಕಟ್ಟು ಇರುವುದು ಜಾರ್ಜಿಯಾ ಹಿಡಿತದ ಕಡೆ. ನೀರು ಸುರಂಗದಲ್ಲಿ ಹರಿದು ಬಂದು ವಿದ್ಯುತ್ ಉತ್ಪಾದನೆಯಾಗುವ ಮನೆ ಇರುವುದು ಅಬ್ಖಾಜಿಯಾ ಕಡೆ. ಇವರಿಲ್ಲದೆ ಅವರಿಗಿಲ್ಲ, ಅವರಿಲ್ಲದೆ ಇವರಿಗಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರ ಪಾಲಿನಲ್ಲಿ 'ಬಾವಿ ಜಂಟಿ' ಅಂತ ಎಷ್ಟು ಸಲ ಬರೆದಿಲ್ಲ ನಾನು! ಎಂಗುರಿಯೂ ಜಂಟಿ ಬಾವಿಯೇ. ಈ ಪ್ಯಾರಾ ಮಾತ್ರ ಒಂದೇ ಏಟಿಗೆ ಬಂತು.

2009ರ ಡಿಸೆಂಬರ್‌ನಲ್ಲಿ ಮತ್ತೆ ಗೆದ್ದ. 2011ರ ಮೇ 29ರಂದು ಮಾಸ್ಕೋದಲ್ಲಿ ಶ್ವಾಸಕೋಶದ ಆಪರೇಷನ್ ಆದ ಮೇಲೆ ತೀರಿಕೊಂಡ. ಸಮಾಧಿ ಜ್ಗೆರ್ದಾ ಹಳ್ಳಿಯಲ್ಲಿ. ಆ 'ಜ್ಗೆ' ಒತ್ತಕ್ಷರ ಡಿಟಿಪಿಯವರಿಗೆ ಓದಲಾಗದೆ ಫೋನ್ ಮಾಡಿ ಕೇಳಿದರು.

ಸಂಚಿಕೆ ಕೈಗೆ ಬಂದಾಗ ಮೊದಲು ನೋಡಿದ್ದು ಊರಿನ ಹೆಸರು. ಲೇಖನದ ಒಳಗೆ ಸುಖುಮಿ, ಚಿತ್ರದ ಕೆಳಗೆ ಸುಖುಮ್. ಎರಡೂ ನಾನೇ ಬರೆದಿದ್ದು.