ಉದುರಿದ ನೀಲಿಯನ್ನು ಹಾಗೇ ಬಿಟ್ಟೆ: ಜೊತ್ತೊ ಪ್ರಿಂಟ್, ನನ್ನ ಅನುಭವ

"ಗೋಡೆಚಿತ್ರದ ಬಣ್ಣ ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಏಳೋದೇ ಇಲ್ಲ" ಅಂತ ಫ್ರೇಮ್ ಹಾಕುವವರು ಖಂಡಿತವಾಗಿ ಹೇಳಿದ್ದರು. ಕಳೆದ ತಿಂಗಳು ಅವರೇ ಒಂದು ಪ್ರಿಂಟ್ ಕೇಳಿ ಇಟ್ಟುಕೊಂಡರು. ಮೂವರು ಜೋಯಿಸರು ಮಗು ಯೇಸುವಿಗೆ ಅಡ್ಡಬೀಳುವ ಚಿತ್ರ ಅದು. ಇಟಲಿಯ ಪಾದುವಾದ ಸ್ಕ್ರೊವೆನ್ಯಿ ಚಾಪೆಲ್‌ನ ಗೋಡೆ ಮೇಲೆ ಚಿತ್ರಕಾರ ಜೊತ್ತೊ ಸುಮಾರು 1305ರ ಹೊತ್ತಿಗೆ ಬರೆದದ್ದು.

ಮೊದಲು ಬರೈಟಾ ಅನ್ನುವ ಹೊಳಪಿನ ಫೋಟೊ ಕಾಗದ ಹಾಕಿದೆ. ಆಕಾಶ ಪಳಪಳ ಹೊಳೆದು ಕ್ಯಾಲೆಂಡರ್ ಆಯಿತು. ಕ್ಯಾನ್ವಾಸ್‌ನಲ್ಲಿ ನೇಯ್ಗೆಯ ಎಳೆ ಮುಖಗಳನ್ನೇ ತಿಂದು ಹಾಕಿತು. ಆಮೇಲೆ ಕಾಟನ್ ರ್‍ಯಾಗ್, ಅಂದರೆ ಹತ್ತಿ ನಾರಿನ ದಪ್ಪ ಮ್ಯಾಟ್ ಕಾಗದ. ಅದರಲ್ಲಿ ನೀಲಿ ನೇರಳೆಗೆ ತಿರುಗಿತು, ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದಷ್ಟೂ ಜಾಸ್ತಿ. ಮಳೆಗಾಲದಲ್ಲಿ ಹಾಳೆಯ ಅಂಚು ಎದ್ದು ಪ್ರಿಂಟರ್‌ನ ಹೆಡ್‌ಗೆ ಉಜ್ಜಿ ಆರೇಳು ಎ2 ಹಾಳೆ ಕೆಟ್ಟವು. ಇಂಕು, ಕಾಗದ ಸೇರಿ 35 ಸಾವಿರದ ಹತ್ತಿರ ಹೋಯಿತು.

ಕೊನೆಗೆ ಪಾದುವಾಗೇ ಹೋಗಿ ನೋಡಿ ಬಂದೆ. ಒಳಗೆ ಬಿಡುವುದು ಹೆಚ್ಚುಕಡಿಮೆ ಕಾಲು ಗಂಟೆ. ನಾನು ಪೂರ್ತಿ ಸಮಯ ಮೇರಿಯ ಹೊದಿಕೆಯನ್ನೇ ನೋಡಿದೆ. ಅಲ್ಲಿ ನೀಲಿ ಬಹುಪಾಲು ಇಲ್ಲವೇ ಇಲ್ಲ! ಅಜುರೈಟ್ ಅನ್ನುವ ನೀಲಿ ಖನಿಜದ ಬಣ್ಣವನ್ನು ಹಸಿ ಗಾರೆಯ ಮೇಲೆ ಹಚ್ಚಿದ್ದಲ್ಲ, ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚಿದ್ದು. ಅದಕ್ಕೇ ಹಸಿ ಗಾರೆಗೆ ಹಚ್ಚಿದ ಮುಖಗಳು ಗಟ್ಟಿಯಾಗಿ ಉಳಿದವು, ಹೊದಿಕೆ ಉದುರಿತು. ನಾನೋ, ಆ ಖಾಲಿ ಜಾಗಕ್ಕೆಲ್ಲ ಫೋಟೊಶಾಪ್‌ನಲ್ಲಿ ನೀಲಿ ತುಂಬಿ ಕೂತಿದ್ದೆ.

ಊರಿಗೆ ಬಂದು ತುಂಬಿದ್ದನ್ನೆಲ್ಲ ಅಳಿಸಿದೆ. ಬಿರುಕು, ಬೂದು ಕಲೆ ಹಾಗೇ ಬಿಟ್ಟೆ. ಸ್ಯಾಚುರೇಶನ್ ಇಳಿಸಿದೆ. ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕದ, ಸ್ವಲ್ಪ ಹಳದಿ ಛಾಯೆಯ ಕಾಗದ ಹಿಡಿದೆ. ಪಕ್ಕದಲ್ಲಿ ಬೂದು ಬಂದ ಕೂಡಲೇ ಆಕಾಶದ ನೀಲಿಗೆ ಜೀವ ಬಂತು, ಅಲ್ಲಿ ಬರೆದಿರುವ ಧೂಮಕೇತುವಿನ ಕೆಂಪು ಬಾಲವೂ ಎದ್ದಿತು. ಕಾಗದಕ್ಕೆ ತಕ್ಕ ಬಣ್ಣದ ಸೆಟ್ಟಿಂಗ್ (ಪ್ರೊಫೈಲ್) ಆದ ಮೇಲೆ ನೀಲಿಗೆ ಒಂದು ಸಣ್ಣ ಕರ್ವ್, ಅಂದರೆ ಚೂರು ತಿದ್ದುಪಡಿ, ಕೊಡುತ್ತೇನೆ. ಅದು ಎಷ್ಟು, ಎಲ್ಲಿ ಅಂತ ಮಾತ್ರ ಹೇಳಲ್ಲ. ವರ್ಷವಿಡೀ ಕೂತು ಕಂಡುಕೊಂಡದ್ದು, ಅಲ್ವಾ?

ನಡುವೆ ಕೈಕಾಗದಕ್ಕೆ ಸುಣ್ಣದ ತಿಳಿ ಬಳಿದು ಅದರ ಮೇಲೂ ಪ್ರಿಂಟ್ ತೆಗೆದೆ. ಮೈಬಣ್ಣ ಎಷ್ಟು ಚೆಂದ ಬಂತು ಅಂದರೆ, ಆ ಹಾಳೆಯನ್ನು ಯಾರಿಗೂ ಕೊಟ್ಟಿಲ್ಲ. ಆದರೆ ಸುಣ್ಣದ ಪುಡಿ ಪ್ರಿಂಟರ್‌ನ ಇಂಕು ಚಿಮ್ಮುವ ನಾಝಲ್‌ಗೆ ಹೊಕ್ಕು ರಿಪೇರಿಗೆ 9 ಸಾವಿರ ಬಿತ್ತು.

ಈಗ ಒಂದು ಎ2 ಪ್ರಿಂಟ್‌ಗೆ ನನಗೆ ಬೀಳುವುದು ಸುಮಾರು 1,100, ಮಾರುವುದು 4,500. ಹನ್ನೊಂದು ಹೋಗಿವೆ. ಮುಂದಿನದು ಇಟಲಿಯ ಅಸ್ಸೀಸಿಯಲ್ಲಿ ಚಿಮಾಬುಯೆ ಅನ್ನುವ ಚಿತ್ರಕಾರ ಬರೆದ ಶಿಲುಬೆಯ ಗೋಡೆಚಿತ್ರ. ಅಲ್ಲಿ ಸೀಸದಿಂದ ಮಾಡಿದ ಬಿಳಿ ಬಣ್ಣ ಕಪ್ಪಾಗಿ ಗೋಡೆಯೇ ನೆಗೆಟಿವ್ ತರ ಕಾಣುತ್ತದೆ. ನಿನ್ನೆ ಮೊದಲ ಹಾಳೆ ತೆಗೆದೆ, ಕಪ್ಪು ಇನ್ನೂ ಕೂತಿಲ್ಲ.