ಫೀಡ್ ತೂಗಿದ ಮೇಲೆ ಸರಿಹೋದ ಲೆಕ್ಕ

ಇನುಲಿನ್ ಎಂಬ ಸಸ್ಯನಾರು ತಿಂದ ಇಲಿಗಳ ದೊಡ್ಡಕರುಳಿನಲ್ಲಿ ಗಡ್ಡೆ ಅರ್ಧಕ್ಕಿಂತ ಕಡಿಮೆ ಅಂತ ಮೊದಲ ಸಲ ತೋರಿಸಿದಾಗ ಹಿರಿಯರೊಬ್ಬರು ಕೇಳಿದ್ದು ಇಷ್ಟೇ: ‘ಅವು ಹೊಟ್ಟೆ ತುಂಬಾ ತಿಂದಿದ್ದವಾ?’ ಕೋಪ ಬಂತು. ತೂಕದ ಪುಸ್ತಕ ತೆಗೆದು ನೋಡಿದರೆ ಇನುಲಿನ್ ಗುಂಪು ಸುಮಾರು 30 ಗ್ರಾಂ ಹಗುರ. ಕಡಿಮೆ ತಿಂದ ಇಲಿಗೆ ಗಡ್ಡೆಯೂ ಕಡಿಮೆಯೇ, ಅದಕ್ಕೆ ಇನುಲಿನ್ ಬೇಕಿಲ್ಲ. ಆ ಬ್ಯಾಚಿಗೆ ಅನುದಾನದ ಮೂರರಲ್ಲೊಂದು ಪಾಲು ಹೋಗಿತ್ತು. ಗಡ್ಡೆ ಬರಿಸಲು ಚುಚ್ಚುವ ಅಜಾಕ್ಸಿಮೀಥೇನ್ ದುಬಾರಿ ಅಂತ ಎಲ್ಲರೂ ಗೊಣಗುತ್ತಾರೆ, ನನ್ನನ್ನು ಮುಳುಗಿಸಿದ್ದು ತಿಂಗಳುಗಟ್ಟಲೆ ಕಟ್ಟಿದ ಪಂಜರದ ಖರ್ಚು.

ಎರಡನೇ ಸಲ ಗಡ್ಡೆಯವರೆಗೆ ಕಾಯಲಿಲ್ಲ. ಎಫ್344 ತಳಿಯ ಗಂಡಿಲಿಗಳಿಗೆ ಕೆಜಿಗೆ 15 ಮಿಗ್ರಾಂನಂತೆ, ವಾರದ ಅಂತರದಲ್ಲಿ ಅದೇ ಅಜಾಕ್ಸಿಮೀಥೇನ್‌ನ ಎರಡು ಇಂಜೆಕ್ಷನ್. ಸುಮಾರು 10 ವಾರಕ್ಕೆ ಎಸಿಎಫ್ ಎಣಿಕೆ, ಅಂದರೆ ಗಡ್ಡೆಗೂ ಮುಂಚೆ ಕಾಣುವ ಅಸಹಜ ಕ್ರಿಪ್ಟ್‌ಗಳ (ಕರುಳಿನ ಒಳಪದರದ ಸಣ್ಣ ಗುಳಿಗಳ) ಗುಚ್ಛ ಎಣಿಸುವುದು. ಎಐಎನ್-93ಜಿ ಎಂಬ ಪ್ರಮಾಣಿತ ಇಲಿ ಫೀಡಿನಲ್ಲಿ ಪಿಷ್ಟದ ಬದಲು 10% ಇನುಲಿನ್. ಒಮ್ಮೆಗೇ ಕೊಟ್ಟು ಇಲಿಗಳಿಗೆ ಭೇದಿ ಬರಿಸಿ, ಮತ್ತೆ ಒಂದು ವಾರ ಸ್ವಲ್ಪ ಸ್ವಲ್ಪವೇ ಏರಿಸಿದೆ. ಮುಖ್ಯವಾದದ್ದು ಮೂರನೇ ಗುಂಪು: ಇನುಲಿನ್ ಇಲಿಗಳು ನಿನ್ನೆ ಎಷ್ಟು ಕ್ಯಾಲೊರಿ ತಿಂದವೋ ಇವಕ್ಕೆ ಇವತ್ತು ಅಷ್ಟೇ, ಇನುಲಿನ್ ಇಲ್ಲದ ಫೀಡಿನಲ್ಲಿ. ಪಂಜರಕ್ಕೆ ಹಾಸಿದ ಹೊಟ್ಟಿನಲ್ಲಿ ಚೆಲ್ಲಿದ್ದನ್ನೂ ಜರಡಿ ಹಿಡಿದು ತೂಗಬೇಕು. ಪುಡಿ ಫೀಡಾದರೆ ಆ ಲೆಕ್ಕ ದೇವರಿಗೇ ಪ್ರೀತಿ, ಹಾಗಾಗಿ ಉಂಡೆ ಕಟ್ಟಿದೆ. ಇನುಲಿನ್ ಯಂತ್ರಕ್ಕೆ ಮೆತ್ತಿಕೊಳ್ಳುತ್ತೆ. ಅದಕ್ಕೊಂದು ಉಪಾಯ ಸಿಕ್ಕಿದೆ, ಇಲ್ಲಿ ಬರೆಯಲ್ಲ.

ಮಧ್ಯೆ ಚಪಲಕ್ಕೆ ಮೌಸ್‌ಗಳಲ್ಲಿ (ಚಿಕ್ಕ ಜಾತಿಯ ಇಲಿ) ಡಿಎಸ್ಎಸ್ ಮಾದರಿಯನ್ನೂ ನೋಡಿದೆ; ಡಿಎಸ್ಎಸ್ ಅಂದರೆ ಕುಡಿಯುವ ನೀರಿಗೆ ಹಾಕಿ ಕರುಳಿಗೆ ಉರಿಯೂತ ಬರಿಸುವ ರಾಸಾಯನಿಕ. ಹೊಸ ಲಾಟಿನ ಡಿಎಸ್ಎಸ್ ಅದೇ 2%ಗೆ ರಕ್ತಭೇದಿ ತಂದು ಅರ್ಧ ಮೌಸ್ ಸತ್ತವು. ಜೀನ್ ದೋಷದಿಂದ ತಾನಾಗೇ ಕರುಳಿನ ಗಡ್ಡೆ ಬರುವ ಮಿನ್ ಮೌಸ್ ತಗೋ ಅಂದರು ಕೆಲವರು. ಅವುಗಳ ಗಡ್ಡೆ ಹೆಚ್ಚಾಗಿ ಸಣ್ಣಕರುಳಿನಲ್ಲಿ, ನನಗೇನು ಪ್ರಯೋಜನ?

ಎಣಿಕೆಯಲ್ಲೂ ನನ್ನ ತಪ್ಪಿತ್ತು. ಮೊದಲು ಗುಂಪು ಗೊತ್ತಿದ್ದು ನಾನೇ ಎಣಿಸುತ್ತಿದ್ದೆ. ಈ ಸಲ ಗುಚ್ಛ ಕಾಣಲು ಮೆಥಿಲೀನ್ ಬ್ಲೂ ಬಣ್ಣ ಹಾಕಿದ ಕರುಳುಗಳಿಗೆ ಬರೀ ನಂಬರ್ ಅಂಟಿಸಿ ಕಿರಿಯನ ಕೈಗೆ ಕೊಟ್ಟೆ. ಅಳತೆಯಷ್ಟೇ ತಿಂದ ಮೂರನೇ ಗುಂಪಿನಲ್ಲೇ ಎಸಿಎಫ್ ಕೊಂಚ ಇಳಿದಿತ್ತು, ಅಂದರೆ ಹಿರಿಯರ ಮಾತು ನಿಜ. ಆದರೆ ಇನುಲಿನ್ ಗುಂಪು ಅದಕ್ಕಿಂತಲೂ ಸುಮಾರು 30% ಕೆಳಗೆ. ನಾಲ್ಕಕ್ಕಿಂತ ಹೆಚ್ಚು ಕ್ರಿಪ್ಟ್ ಇರುವ ದೊಡ್ಡ ಗುಚ್ಛಗಳಲ್ಲಿ ವ್ಯತ್ಯಾಸ ಇನ್ನೂ ಜೋರು. ನನ್ನ ಹಳೆಯ ‘ಅರ್ಧಕ್ಕಿಂತ ಕಡಿಮೆ’ಯಷ್ಟು ಚೆಂದವಿಲ್ಲ ಈ ಅಂಕಿ, ಆದರೆ ಎರಡು ಬ್ಯಾಚಿನಲ್ಲೂ ನಿಂತಿತು.

ಪ್ರಶ್ನೆ ಕೇಳಿದ ಹಿರಿಯರೇ ಮೊನ್ನೆ ನನ್ನ ತೂಕದ ಹಾಳೆ ಒಯ್ದರು. ಉಂಡೆಯ ವಿಷಯ ಎತ್ತಿದರು, ನಾನು ಚಹಾ ತರಿಸಿದೆ.